ಫ್ಲೆಕ್ಸಿನ ಹಿಂದೆ ಇರುವವರು

ಎರಡು ವರ್ಷಕ್ಕೊಮ್ಮೆ ಜನವರಿ 18ರಂದು ಉಡುಪಿಯಲ್ಲಿ ಪರ್ಯಾಯ, ಅಂದರೆ ಕೃಷ್ಣ ಮಠದ ಪೂಜೆಯ ಹೊಣೆ ಕೈಬದಲಾಗುವ ಉತ್ಸವ. ಅದರ ಮುಂಚಿನ ವಾರ ಇಲ್ಲಿನ ಪುಟ್ಟ ಜಾಹೀರಾತು ಏಜೆನ್ಸಿಗಳಿಗೆ ನಿದ್ದೆಯಿಲ್ಲ. ಇರುವುದೇ ಮೂರ್ನಾಲ್ಕು ಜನ. ಶುಭಾಶಯ ಬರೆದವರೇ ಕರಡು ತಿದ್ದಬೇಕು, ಕಾರ್ಕಳದ ಜವಳಿ ಅಂಗಡಿಗೆ ಡಿಸೈನ್ ತೋರಿಸಬೇಕು, ಸಂಜೆ ಕಾಪುವಿಗೆ ಹೋಗಿ ಹಳೇ ಬಾಕಿ ಕೇಳಬೇಕು.

ಮಣಿಪಾಲದಲ್ಲಿ ಓದಿ ಇಂಥ ಏಜೆನ್ಸಿಗೆ ಸೇರಿದ ಹುಡುಗಿಗೆ ಮಾರ್ಕೆಟಿಂಗ್ ಸಿದ್ಧಾಂತವೆಲ್ಲ ಗೊತ್ತು. ಬ್ರಹ್ಮಕಲಶೋತ್ಸವದ ಫ್ಲೆಕ್ಸಿನಲ್ಲಿ ಯಾರ ಫೋಟೋ ಯಾರದ್ದಕ್ಕಿಂತ ಅರ್ಧ ಇಂಚು ದೊಡ್ಡದಿರಬೇಕು ಎನ್ನುವುದು ಮಾತ್ರ ಯಾವ ಪಠ್ಯದಲ್ಲೂ ಇಲ್ಲ! ಒಂದು ಇನಿಷಿಯಲ್ ತಪ್ಪಿದರೆ ರಾತ್ರೋರಾತ್ರಿ ಮತ್ತೆ ಪ್ರಿಂಟ್. ನನ್ನ ಮಟ್ಟಿಗೆ, ದೊಡ್ಡ ಊರಿನ ದೊಡ್ಡ ಕಂಪೆನಿಯಲ್ಲಿ ಸಿಗದ ಕಲಿಕೆ ಇದು.

ಆದರೆ ಬಿಲ್ಲು ವಸೂಲಾದ ಮೇಲೆಯೇ ಸಂಬಳ. ಜಾಹೀರಾತು ಮಾಡಿಸಿಕೊಂಡವರೇ, ‘ಹಬ್ಬ ಕಳೆಯಲಿ, ನೋಡುವ’ ಎನ್ನಬೇಡಿ. ಬಾಕಿಯಿದ್ದರೆ ಈ ವಾರವೇ ಕೊಟ್ಟುಬಿಡಿ.