ಯಂತ್ರಕ್ಕೆ ಚತುರ್ಥಿ ಉಂಟೆ?

ಯಂತ್ರಗಳು ಮನುಷ್ಯನಂತೆ ಪ್ರಜ್ಞೆಯನ್ನು ಪಡೆಯಬಲ್ಲವೆ? ತತ್ತ್ವಜ್ಞರ ಗೋಷ್ಠಿಗಳಲ್ಲಿ ಕೇಳಿಬರುತ್ತಿದ್ದ ಈ ಪ್ರಶ್ನೆ ಈಗ ಹುಣಸೂರಿನ ಮನೆಗಳ ಜಗಲಿಗೂ ಬಂದಿದೆ. ಕೈಯಲ್ಲಿರುವ ಫೋನು ಕನ್ನಡದಲ್ಲಿ ಕೇಳಿದುದಕ್ಕೆ ಕನ್ನಡದಲ್ಲಿ ಉತ್ತರ ಹೇಳುತ್ತದೆ, ಪದ್ಯ ಕಟ್ಟುತ್ತದೆ, 'ನಿಮ್ಮ ದುಃಖ ನನಗೆ ಅರ್ಥವಾಗುತ್ತದೆ' ಎಂದೂ ಅನ್ನುತ್ತದೆ. ಇಷ್ಟು ಮಾತು ಬಲ್ಲದ್ದಕ್ಕೆ ಮನಸ್ಸಿಲ್ಲವೆನ್ನುವುದು ಹೇಗೆ ಎಂದು ಕೇಳುವವರಿದ್ದಾರೆ.

1950ರಲ್ಲಿ ಇಂಗ್ಲೆಂಡಿನ ಗಣಿತಜ್ಞ ಅಲನ್ ಟ್ಯೂರಿಂಗ್ ಒಂದು ಪರೀಕ್ಷೆಯನ್ನು ಸೂಚಿಸಿದರು. ಮರೆಯಲ್ಲಿದ್ದು ಉತ್ತರ ಕೊಡುತ್ತಿರುವುದು ಮನುಷ್ಯನೋ ಯಂತ್ರವೋ ಎಂಬುದು ಬರಹದ ಪ್ರಶ್ನೋತ್ತರದಿಂದ ಪತ್ತೆಯಾಗದಿದ್ದರೆ, ಆ ಯಂತ್ರ ಆಲೋಚಿಸುತ್ತದೆಯೆನ್ನಲು ಅಡ್ಡಿಯೇನು ಎಂಬುದು ಅವರ ವಾದದ ತಿರುಳು. ಆಲೋಚನೆಗೆ ಇದು ಒಪ್ಪಬಹುದಾದ ಅಳತೆ. ಪ್ರಜ್ಞೆಗೆ ಸಾಲದು.

ಈ ಭೇದವನ್ನು ನಮ್ಮ ಭಾಷೆ ಸದ್ದಿಲ್ಲದೆ ಕಾಪಾಡಿಕೊಂಡು ಬಂದಿದೆ. ಮಾಡುವ ಕೆಲಸವನ್ನು ಪ್ರಥಮಾ ವಿಭಕ್ತಿಯಲ್ಲಿ ಹೇಳುತ್ತೇವೆ: ನಾನು ಓದಿದೆ, ನಾನು ಲೆಕ್ಕ ಹಾಕಿದೆ. ಆಗುವ ಅನುಭವವನ್ನು ಚತುರ್ಥಿಯಲ್ಲಿ ಹೇಳುತ್ತೇವೆ: ನನಗೆ ಹಸಿವಾಯಿತು, ನನಗೆ ನೋವಾಯಿತು. ಯಂತ್ರ ಪ್ರಥಮೆಯನ್ನು ಗೆದ್ದಿದೆ. ಅದು ಲೆಕ್ಕ ಹಾಕುತ್ತದೆ, ಚದುರಂಗವಾಡುತ್ತದೆ, ಅನುವಾದಿಸುತ್ತದೆ. ಆದರೆ ಫೋನು ಹೇಳುವ ಆ 'ನನಗೆ' ಎಂಬುದು ಯಾರಿಗೆ? 'ಯಂತ್ರಕ್ಕೆ ಎಣ್ಣೆ ಬೇಕು' ಎಂದು ನಾವೇ ಅನ್ನುತ್ತೇವಲ್ಲ ಎಂದು ಕೇಳುಗರು ಆಕ್ಷೇಪಿಸಬಹುದು. ಎಣ್ಣೆಯಿಲ್ಲದೆ ಯಂತ್ರ ನಿಂತರೆ ನಷ್ಟ ಅದರ ಒಡೆಯನಿಗೆ, ಯಂತ್ರಕ್ಕಲ್ಲ.

ಮಾತಿಲ್ಲದೆಯೂ ಚತುರ್ಥಿಯುಳ್ಳ ಜೀವವನ್ನು ನಮ್ಮ ಸೀಮೆಯಲ್ಲಿಯೇ ಕಾಣಬಹುದು. ದಸರಾ ಆನೆಗಳ ಗಜಪಯಣ ಹೊರಡುವುದು ಹುಣಸೂರು ತಾಲ್ಲೂಕಿನ ವೀರನಹೊಸಹಳ್ಳಿಯಿಂದ. ಹೆಗ್ಗಡದೇವನಕೋಟೆ ತಾಲ್ಲೂಕಿನ ಬಳ್ಳೆ ಶಿಬಿರದ ಅರ್ಜುನ 2012ರಿಂದ 2019ರವರೆಗೆ ಎಂಟು ಬಾರಿ 750 ಕಿಲೋ ತೂಕದ ಅಂಬಾರಿಯನ್ನು ಹೊತ್ತವನು. 2023ರ ಡಿಸೆಂಬರ್ 4ರಂದು ಸಕಲೇಶಪುರ ತಾಲ್ಲೂಕಿನ ಯಸಳೂರು ಅರಣ್ಯದಲ್ಲಿ, ಕಾಡಾನೆ ಸೆರೆಯ ಕಾರ್ಯಾಚರಣೆಯ ವೇಳೆ, ಸಲಗದೊಡನೆ ಕಾದಾಡಿ ಮಡಿದನು. ಅವನಿಗೆ ನೋವಾಯಿತೆ ಎಂದು ಯಾರೂ ಸಂಶಯಪಡಲಿಲ್ಲ; ನಾಡು ಮರುಗಿತು. ಆನೆಯ ಅರಿವಿಗೆ ವಿಜ್ಞಾನದ ಸಾಕ್ಷ್ಯವೂ ಉಂಟು. 2006ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ, ನ್ಯೂಯಾರ್ಕಿನ ಬ್ರಾಂಕ್ಸ್ ಮೃಗಾಲಯದ ಹ್ಯಾಪಿ ಎಂಬ ಆನೆ ತನ್ನ ತಲೆಗೆ ಬಳಿದ ಗುರುತನ್ನು ಕನ್ನಡಿಯಲ್ಲಿ ಕಂಡು ಸೊಂಡಿಲಿನಿಂದ ಮುಟ್ಟಿಕೊಂಡಿತು. ಇತ್ತ ತಮಿಳುನಾಡಿನ ಮದುಕ್ಕರೈ ಬಳಿ 2024ರಲ್ಲಿ ರೈಲು ಹಳಿಯ ಪಕ್ಕ ಕೃತಕ ಬುದ್ಧಿಮತ್ತೆಯ ಕ್ಯಾಮೆರಾಗಳನ್ನು ನಿಲ್ಲಿಸಿದರು. ಅವು ಆನೆಯನ್ನು ಗುರುತಿಸಿ ಎಚ್ಚರಿಕೆ ಕೊಡುತ್ತವೆ. ಕ್ಯಾಮೆರಾ ಆನೆಯನ್ನು ಕಾಣುತ್ತದೆ, ಭಯವಾಗುವುದು ಆನೆಗೆ.

ಹಾಗಾದರೆ ಯಂತ್ರಕ್ಕೆ ಪ್ರಜ್ಞೆ ಎಂದೆಂದಿಗೂ ಅಸಾಧ್ಯವೆ? ನಾನು ಅಷ್ಟು ದೂರ ಹೋಗಲಾರೆ. ಮೆದುಳಿನ ನರಕೋಶಗಳ ನಡುವೆ ಅನುಭವ ಹೇಗೆ ಮೂಡುತ್ತದೆಂಬ ಗಂಟನ್ನು ವಿಜ್ಞಾನ ಇನ್ನೂ ಬಿಡಿಸಿಲ್ಲ. ಬಿಡಿಸದ ಗಂಟಿನ ಮೇಲೆ 'ಎಂದೂ ಇಲ್ಲ' ಎಂಬ ಮುದ್ರೆಯೊತ್ತುವುದು ಉದ್ಧಟತನ. ಯಂತ್ರಕ್ಕೆ ಎಂದಾದರೂ ನಿಜವಾಗಿ ನೋವಾಗುವುದಾದರೆ, ಗುಂಡಿಯೊತ್ತಿ ಅದನ್ನು ಆರಿಸುವ ಕೈಯನ್ನು ನಾವು ತಡೆದುಕೊಳ್ಳಬೇಕಾದೀತು. ಅಂಥದೊಂದನ್ನು ಹುಟ್ಟಿಸುವ ಹೊಣೆ ಹಗುರವಾದುದಲ್ಲ.

ಸದ್ಯಕ್ಕೆ ನನ್ನ ಆತಂಕ ಬೇರೆ. ಮಾತೇ ಮನಸ್ಸಿನ ಗುರುತೆಂದು ನಂಬಿದೆವಾದರೆ, ಸೊಗಸಾಗಿ ಮಾತನಾಡುವ ಯಂತ್ರಕ್ಕೆ ನಮ್ಮ ಕರುಣೆಯೆಲ್ಲ ಸಂದೀತು. ತೊಟ್ಟಿಲ ಹಸುಗೂಸು, ಪಾರ್ಶ್ವವಾಯುವಿನಿಂದ ಮಾತು ಬಿದ್ದುಹೋದ ಅಜ್ಜಿ, ಕಾಡಂಚಿನ ಆನೆ ಲೆಕ್ಕಕ್ಕಿಲ್ಲದಂತಾದಾವು. 'ನನಗೆ' ಎಂದು ಹೇಳುವುದನ್ನು ಯಂತ್ರ ಈಗಾಗಲೇ ಕಲಿತಿದೆ. ಹಾಗೆ ಹೇಳಲಾರದ ಜೀವಗಳ 'ನನಗೆ'ಯನ್ನು ಕೇಳಿಸಿಕೊಳ್ಳುವ ಕಿವಿ ನಮ್ಮಲ್ಲಿ ಉಳಿಯಬೇಕು.