ಹೊಳೆ ದಂಡೆಯ ಲೆಕ್ಕ

ಅಕ್ಕಂದಿರೇ, ನಮ್ಮ ಹಿಡಕಲ್‌ನ ಹೊಳೆ ಘಟಪ್ರಭಾ. ಇದೇ ಹೊಳೆ ಹರಿದು ಹೋಗುವ ಬಾಗಲಕೋಟೆ ಜಿಲ್ಲೆಯ ಅನಗವಾಡಿಯಲ್ಲಿ ಬಹಳ ಹಿಂದಿನವರ ಕಲ್ಲಿನ ಕೊಡಲಿಗಳು ಸಿಕ್ಕಿವೆ. ಅವರಿಗೆ ಬಿತ್ತುವುದು ಗೊತ್ತಿರಲಿಲ್ಲ. ಬೇಟೆಯಾಡಿ ತಿನ್ನುತ್ತಿದ್ದರು.

ಬಿತ್ತುವುದು ಕಲಿತ ಮೇಲೆ ಹೊಳೆ ದಂಡೆಗೆ ದೊಡ್ಡ ಊರುಗಳು ಬೆಳೆದವು. ದೂರದ ಇರಾಕ್ ದೇಶದ ಯುಫ್ರೆಟಿಸ್ ಹೊಳೆ ನೋಡ್ರಿ. ಅದು ತಂದ ಮೆಕ್ಕಲು ಮಣ್ಣಿನಲ್ಲಿ ಜನ ಕಾಲುವೆ ತೋಡಿ ಗೋಧಿ, ಬಾರ್ಲಿ ಬೆಳೆದರು. ಉಂಡು ಮಿಕ್ಕುವಷ್ಟು ಕಾಳು ಬಂತು. ಯಾರು ಎಷ್ಟು ತಂದರು? ಕೂಲಿಯವರಿಗೆ ಎಷ್ಟು ಕೊಟ್ಟರು? ಬಾಯಿಲೆಕ್ಕ ಸಾಲಲಿಲ್ಲ. ಸುಮಾರು 5000 ವರ್ಷದ ಹಿಂದೆ ಹಸಿ ಮಣ್ಣಿನ ಬಿಲ್ಲೆ ಮೇಲೆ ಗೀರಿ ಬರೆದಿಟ್ಟರು. ಕಥೆ, ಹಾಡು ಆಮೇಲೆ. ಮೊದಲು ಬರೆದದ್ದು ಕಾಳಿನ ಲೆಕ್ಕ!

ಆದರೆ ಬರೆಯುವವರು ಕೆಲವರೇ. ಕೂಲಿಯವರಿಗೆ ಓದಲು ಬರುತ್ತಿರಲಿಲ್ಲ. ನಮ್ಮಲ್ಲೂ ಎಷ್ಟು ಮಂದಿ ಹೆಬ್ಬೆಟ್ಟು ಒತ್ತಿ ಕೂಲಿ ತಗೊಂಡೇವಿ!

ನಾಳೆ ಬರುವಾಗ ಸಂಘದ ಪಾಸ್‌ಬುಕ್ ತರ್ರಿ. ಎಷ್ಟು ಕಟ್ಟಿದ್ದೇವೆ, ಎಷ್ಟು ಉಳಿದಿದೆ, ನಾವೇ ಓದಿ ನೋಡೋಣ.