ದಣಿದ ಮಿದುಳಿಗೂ ತಂಗುದಾಣ

ದೇಹುವಿನಿಂದ ಪಂಢರಪುರಕ್ಕೆ ಹೊರಟ ಸಂತ ತುಕಾರಾಮರ ಪಲ್ಲಕ್ಕಿ ಪುಣೆ ಜಿಲ್ಲೆಯ ಇಂದಾಪುರದಲ್ಲಿ ತಂಗುತ್ತದೆ. ನಡೆದು ಬಂದ ವಾರಕರಿ ಯಾತ್ರಿಕರು ಭಜನೆ ಮುಗಿಸಿ ಮೈಚಾಚುತ್ತಾರೆ. ದಣಿದ ಕಾಲಿಗೆ ವಿಶ್ರಾಂತಿ ಬೇಕೆಂದು ಯಾರೂ ಹೇಳಿಕೊಡಬೇಕಿಲ್ಲ. ಮಿದುಳಿನ ದಣಿವು ಮಾತ್ರ ಲೆಕ್ಕಕ್ಕೇ ಬರುವುದಿಲ್ಲ. ಅನ್ಯಾಯವೇ ಸರಿ!

ದೇಹದ ತೂಕದಲ್ಲಿ ಸುಮಾರು ಶೇ. 2ರಷ್ಟಿರುವ ಈ ಅಂಗ, ದೇಹ ವಿಶ್ರಾಂತಿಯಲ್ಲಿದ್ದಾಗಲೂ ಶೇ. 20ರಷ್ಟು ಶಕ್ತಿಯನ್ನು ಬಳಸುತ್ತದೆ. ಅದರ ತಂಗುದಾಣ ಗಾಢ ನಿದ್ರೆ. ಆಗ ಮಿದುಳಿನ ವಿದ್ಯುತ್ ಅಲೆಗಳು ನಿಧಾನವಾಗುತ್ತವೆ. ಹಗಲು ಕಲಿತದ್ದು ನೆನಪಾಗಿ ಗಟ್ಟಿಗೊಳ್ಳುತ್ತದೆ.

ವಯಸ್ಸಾದಂತೆ ಈ ಗಾಢ ನಿದ್ರೆ ಕುಗ್ಗುತ್ತದೆ. ಆದರೆ ಬೆಂಗಳೂರಿನ ನಿಮ್ಹಾನ್ಸ್ ಸಂಶೋಧಕರು ವಿಪಶ್ಯನ ಧ್ಯಾನಿಗಳ ರಾತ್ರಿ ನಿದ್ರೆಯನ್ನು ದಾಖಲಿಸಿ, 2010ರಲ್ಲಿ ಭರವಸೆಯ ವಿವರವೊಂದನ್ನು ಪ್ರಕಟಿಸಿದರು: ಧ್ಯಾನ ಮಾಡದವರಿಗಿಂತ ಅವರಲ್ಲಿ, ನಡುವಯಸ್ಸು ದಾಟಿದವರಲ್ಲೂ, ಗಾಢ ನಿದ್ರೆ ಹೆಚ್ಚಿತ್ತು.